ಭಾನುವಾರದ ಪುಕ್ಕಲ

"ನನಗೆ ಭಯ ಆಗುತ್ತೆ," ಎಂದ ಅವನು, ಟೈಮ್ ಎಷ್ಟಾಯ್ತು ಎಂದು ಕೇಳುವಷ್ಟು ಸಲೀಸಾಗಿ.

ಅವಳು ತಲೆಯೆತ್ತಿ ನೋಡಿದಳು. ಹೀಗೆ ನೇರವಾಗಿ ಒಪ್ಪಿಕೊಳ್ಳುವ ಗಂಡಸರು ಆ ಕೌಂಟರಿಗೆ ಬರುವುದೇ ಅಪರೂಪ. ಬಂದರೂ ಹೆಂಡತಿಯನ್ನೋ ತಂಗಿಯನ್ನೋ ಮುಂದೆ ಬಿಟ್ಟು, "ಇವಳಿಗೆ ಸ್ವಲ್ಪ ಹೆದರಿಕೆ ಮೇಡಂ" ಎನ್ನುತ್ತಾರೆ. ಬೆವರು ಒರೆಸಿಕೊಳ್ಳುವವರು ಮಾತ್ರ ಅವರೇ.

"ಯಾವುದಕ್ಕೆ ಭಯ?" ಎಂದು ಕೇಳಿದಳು.

"ಅಂದ್ರೆ?"

"ಭಯ ಎಲ್ಲಾರಿಗೂ ಒಂದೇ ಥರ ಇರಲ್ಲ. ಕೆಲವರಿಗೆ ಎತ್ತರ ಆಗಲ್ಲ. ಕೆಲವರಿಗೆ ವೇಗ. ಇನ್ನು ಕೆಲವರಿಗೆ ಗಿರಗಿರ ತಿರುಗಿದ್ರೆ ಹೊಟ್ಟೆ ತೊಳಸುತ್ತೆ. ನಿಮ್ಮದು ಯಾವುದು?"

ಅವನು ಅಂಗಡಿಯಲ್ಲಿ ಶರ್ಟಿನ ಬಣ್ಣ ಆರಿಸುವವನ ಹಾಗೆ ಒಂದು ಗಳಿಗೆ ಯೋಚಿಸಿದ.

"ಎತ್ತರ ಇರ್ಲಿ," ಎಂದ.

ಪಾರ್ಕಿನ ಗೇಟು ದಾಟಿದ ಕೂಡಲೇ ಎಡಗಡೆಗೆ ಒಂದು ಹಳದಿ ಕೊಡೆ, ಕೊಡೆಯ ಕೆಳಗೆ ಒಂದು ಮೇಜು, ಮೇಜಿನ ಮುಂದೆ 'ಹತ್ತಲೋ ಬೇಡವೋ? ಇಲ್ಲಿ ಕೇಳಿ' ಎಂಬ ಬೋರ್ಡು. ಅಲ್ಲಿ ಕೂತು, ಹೆದರುವವರಿಗೆ ಯಾವ ರೈಡ್ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಹೇಳುವುದು ಅವಳ ಕೆಲಸ. ತೂಗುವ ಹಡಗಿನಲ್ಲಿ ನಡುವಿನ ಸಾಲಿನಲ್ಲಿ ಕೂತರೆ ತೊಟ್ಟಿಲಿನಷ್ಟೇ ತೂಗುತ್ತದೆ, ತುದಿಯಲ್ಲಿ ಕೂತರೆ ಜೀವ ಬಾಯಿಗೆ ಬರುತ್ತದೆ. ನೋಡಲು ಬಲು ಸಾಧುವಾದ ಟೀ ಕಪ್ಪು ಎಂಥೆಂಥ ಗಟ್ಟಿಗರನ್ನೂ ವಾಂತಿ ಮಾಡಿಸಿ ಕಳಿಸುತ್ತದೆ. ಮುಂದೇನೋ ಎಂದು ಹೆದರುವವರಿಗೆ ರೋಲರ್ ಕೋಸ್ಟರಿನ ಮೊದಲ ಸೀಟೇ ಒಳ್ಳೆಯದು, ಬರುವುದೆಲ್ಲ ಕಣ್ಣಿಗೆ ಕಾಣುತ್ತದೆ. ಇದೆಲ್ಲ ಅವಳಿಗೆ ಬಾಯಿಪಾಠ. ಪಾರ್ಕಿನ ಕೆಲಸದವರು ಅವಳನ್ನು 'ಧೈರ್ಯದ ಮೇಡಂ' ಎಂದೇ ಕರೆಯುತ್ತಿದ್ದರು.

ಹೆದರಿದವರ ಮುಖ ನೋಡಬಾರದು, ಕಾಲು ನೋಡಬೇಕು ಎಂಬುದು ಅವಳ ಅನುಭವ. ಬಾಯಿ ಎಷ್ಟೇ ಜಂಬ ಕೊಚ್ಚಿದರೂ ಹೆದರಿದವರ ಪಾದ ಗೇಟಿನ ಕಡೆ ತಿರುಗಿರುತ್ತದೆ. ಇವನ ಎರಡೂ ಪಾದಗಳು ನೆಟ್ಟಗೆ ಅವಳ ಮೇಜಿನ ಕಡೆಗೇ ಇದ್ದವು. ಅದನ್ನು ಕಂಡೂ ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಣ್ಣು ಅಷ್ಟು ಚೆನ್ನಾಗಿದ್ದರೆ ಕಾಲನ್ನು ಯಾರು ನೋಡುತ್ತಾರೆ.

"ಜೊತೆಗೆ ಯಾರೂ ಬಂದಿಲ್ವಾ?"

"ನಗ್ತಾರೆ ಅಂತ ಒಬ್ಬನೇ ಬಂದೆ."

"ಸರಿ. ಇವತ್ತು ಪುಟಾಣಿ ರೈಲು ಹತ್ತಿ. ನೆಲ ಬಿಡೋದೇ ಇಲ್ಲ ಅದು."

ಅವನು ಹೋಗಿ ಬಂದ. ಬಂದು ಮತ್ತೆ ಮೇಜಿನ ಮುಂದೆ ನಿಂತ.

"ಹೇಗಿತ್ತು?"

"ಸುರಂಗದಲ್ಲಿ ಪಕ್ಕದ ಮಗು ನನ್ನ ಕೈ ಹಿಡ್ಕೊಂಡು, ಹೆದರ್ಬೇಡಿ ಅಂಕಲ್ ಅಂತು."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ. ಅವಳು ನಗುವುದನ್ನು ನೋಡುತ್ತ ನಿಂತ, ಬಂದ ಕೆಲಸ ಆಯಿತೆನ್ನುವ ಹಾಗೆ.

ಮುಂದಿನ ಭಾನುವಾರ ಮರದ ಕುದುರೆ. ಅದರ ಮುಂದಿನ ಭಾನುವಾರ ನೀರಿನ ದೋಣಿ. ಅವನು ಬರುವುದು ಬೆಳಿಗ್ಗೆಯೇ, ಜನ ತುಂಬುವ ಮುಂಚೆ. ಹೆಗಲಲ್ಲಿ ಒಂದು ಕರಿ ಬ್ಯಾಗು. ಅದನ್ನು ಲಾಕರಿನಲ್ಲಿಟ್ಟು, ಕೂದಲು ಸರಿಮಾಡಿಕೊಂಡು, ಕೊಡೆಯ ಕೆಳಗೆ ಬಂದು ನಿಲ್ಲುತ್ತಿದ್ದ. ಅವಳು ಒಂದು ರೈಡ್ ಹೇಳಿದರೆ ಅವನು ನೂರು ಪ್ರಶ್ನೆ ಕೇಳುತ್ತಿದ್ದ. ಕಣ್ಣು ಮುಚ್ಚಿಕೊಳ್ಳಬೇಕಾ, ತೆರೆದಿರಬೇಕಾ. ಕೂಗಿಕೊಳ್ಳಬಹುದಾ. ಕೂಗಿಕೊಂಡರೆ ನಿಮಗೆ ಇಲ್ಲಿಗೆ ಕೇಳಿಸುತ್ತಾ.

"ಕೇಳಿಸಿದ್ರೆ ಏನಾಗ್ಬೇಕು?"

"ಏನಿಲ್ಲ. ಹಾಗಾದ್ರೆ ಸ್ವಲ್ಪ ಮರ್ಯಾದೆಯಾಗಿ ಕೂಗ್ಕೋತೀನಿ."

ಲಾಕರು ನೋಡಿಕೊಳ್ಳುವ ಹೆಂಗಸನ್ನು ಪಾರ್ಕಿನಲ್ಲೆಲ್ಲ ಲಾಕರ್ ಆಂಟಿ ಎನ್ನುತ್ತಿದ್ದರು. ಬೀಗದ ಕೈಗಳ ಗೊಂಚಲು ಸೊಂಟದಲ್ಲಿ, ಊರ ಮಂದಿಯ ಸಮಾಚಾರವೆಲ್ಲ ನಾಲಗೆಯಲ್ಲಿ. ಅವನಿಗೆ 'ಭಾನುವಾರದ ಪುಕ್ಕಲ' ಎಂದು ಹೆಸರಿಟ್ಟವಳು ಈ ಆಂಟಿಯೇ.

"ನಿನ್ನ ಪುಕ್ಕಲ ಬಂದ ನೋಡೇ," ಎನ್ನುತ್ತಿದ್ದಳು ದೂರದಿಂದಲೇ.

"ನನ್ನವನು ಯಾಕಾಗ್ತಾನೆ ಆಂಟಿ, ಕಸ್ಟಮರು."

"ಕಸ್ಟಮರು ಬಂದ್ರೆ ಕಿವಿ ಕೆಂಪಾಗುತ್ತಾ?"

ಅವಳು ಕಿವಿಯ ಮೇಲೆ ಕೂದಲು ಎಳೆದುಕೊಂಡಳು.

ಶನಿವಾರ ಸಂಜೆ ಯೂನಿಫಾರ್ಮಿಗೆ ಇಸ್ತ್ರಿ ಹಾಕುವಾಗ ಈಗೀಗ ಕಾಲರನ್ನು ಎರಡೆರಡು ಸಲ ಒತ್ತುತ್ತಿದ್ದಳು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಊರಿಗೆಲ್ಲ ಹತ್ತಿ ಹತ್ತಿ ಅಂತ ಧೈರ್ಯ ಹೇಳ್ತೀಯ. ಮನೇಲಿ ಮದುವೆ ಮಾತೆತ್ತಿದ್ರೆ ಮಾತ್ರ ಬಚ್ಚಲಿಗೆ ಹೋಗಿ ಚಿಲಕ ಹಾಕ್ಕೋತೀಯ."

"ಅಮ್ಮ, ಇಸ್ತ್ರಿ ಸುಡುತ್ತೆ, ಆಮೇಲೆ ಮಾತಾಡು."

ಚಿಲಕಕ್ಕೆ ಕಾರಣವಿತ್ತು. ಕೆಲವು ವರ್ಷದ ಹಿಂದೆ ಅವಳ ಮದುವೆ ಗೊತ್ತಾಗಿತ್ತು. ಹುಡುಗ ದಿನಾ ಫೋನು ಮಾಡುತ್ತಿದ್ದ, ಸವಿಸವಿಯಾಗಿ ಮಾತಾಡುತ್ತಿದ್ದ. ಅವನ ಮನಸ್ಸು ಮೊದಲಿನಿಂದಲೂ ಬೇರೊಬ್ಬಳಲ್ಲಿದೆ ಎಂದು ಅವಳಿಗೆ ತಿಳಿದದ್ದು ಮೂರನೆಯವರ ಬಾಯಿಂದ, ಊರಿಗೆಲ್ಲ ಹೇಳಿ ಆದ ಮೇಲೆ. ಅವನು ಮೋಸ ಮಾಡಿದ ಎಂಬುದಕ್ಕಿಂತ ತನಗೆ ಒಂದು ಚೂರೂ ಗೊತ್ತಾಗಲಿಲ್ಲವಲ್ಲ ಎಂಬುದು ಅವಳನ್ನು ಹೆಚ್ಚು ತಿಂದಿತ್ತು. ಆಮೇಲೆಯೇ ಅವಳು ಈ ಕೊಡೆಯ ಕೆಳಗೆ ಬಂದು ಕೂತದ್ದು. ತನ್ನ ಮೇಜಿನ ಮುಂದೆ ಯಾರೂ "ಏನೂ ಆಗಲ್ಲ ಬಾ" ಎಂದು ಇನ್ನೊಬ್ಬರನ್ನು ಎಳೆದುಕೊಂಡು ಹೋಗಕೂಡದು ಎಂದು ಕಟ್ಟುನಿಟ್ಟು ಮಾಡಿದ್ದಳು. ಏನಾಗುತ್ತದೋ ಅದನ್ನೇ ಹೇಳಬೇಕು. ಹೊಟ್ಟೆ ಒಂದು ಸಲ ಮೇಲಕ್ಕೆ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಆಮೇಲೆ ಸರಿಹೋಗುತ್ತದೆ. ಸುಳ್ಳು ಹೇಳಿ ಯಾರನ್ನೂ ಹತ್ತಿಸಬಾರದು.

ಇವನು ಮಾತ್ರ ಸುಳ್ಳಾಡುವವನಲ್ಲ ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು. ಭಯವನ್ನು ಅಷ್ಟು ನಾಚಿಕೆಯಿಲ್ಲದೆ ಹೇಳಿಕೊಳ್ಳುವವನು ಇನ್ನೇನನ್ನು ಮುಚ್ಚಿಡುತ್ತಾನೆ. ಹಡಗಿನಿಂದ ಇಳಿದು ಬಂದವನ ಕೈ ನಡುಗುತ್ತಿದೆಯೇ ಎಂದು ನೋಡಲು ಅವಳೊಮ್ಮೆ ನೀರಿನ ಬಾಟಲಿ ಕೊಟ್ಟಳು. ನಡುಗುತ್ತಿರಲಿಲ್ಲ. ಬಾಟಲಿ ವಾಪಸ್ಸು ಕೊಡುವಾಗ ಬೆರಳು ತಾಗಿತು, ಆಗ ನಡುಗಿತು. ಅವಳು ಅದನ್ನು ಹಡಗಿನ ಖಾತೆಗೇ ಹಾಕಿದಳು. ಆ ದಿನವೆಲ್ಲ ಅವಳ ಬೆರಳಿಗೆ ಬೇರೆ ಕೆಲಸವೇ ಹತ್ತಲಿಲ್ಲ.

"ಮುಂದಿನ ವಾರ ಜೈಂಟ್ ವೀಲ್," ಎಂದಳು ಒಂದು ದಿನ. "ಈಗ ನೀವು ಹತ್ತಬಹುದು."

"ಮೇಲೆ ಹೋದಾಗ ಕೈಕಾಲು ತಣ್ಣಗಾದ್ರೆ?"

"ನಾನು ಕೆಳಗೆ ಕಾಣೋ ಹಾಗೆ ನಿಂತಿರ್ತೀನಿ. ನನ್ನೇ ನೋಡಿ."

"ಎಷ್ಟು ಹೊತ್ತು ನೋಡ್ಬಹುದು?"

ಅವಳು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದಳು. "ಚಕ್ರ ತಿರುಗೋಷ್ಟು ಹೊತ್ತು," ಎಂದಳು, ಮೆಲ್ಲಗೆ.

ಆ ವಾರ ಬಲು ಉದ್ದವಾಗಿತ್ತು. ಭಾನುವಾರ ಬಂದಾಗ ಅವಳು ಹೇಳಿದಂತೆಯೇ ಜೈಂಟ್ ವೀಲ್ ಮುಂದೆ ಬಿಸಿಲಲ್ಲಿ ನಿಂತಳು. ಅವನ ತೊಟ್ಟಿಲು ಮೇಲೆ ಮೇಲೆ ಹೋಯಿತು. ಅವನು ಕೆಳಗೆ ಅವಳನ್ನೇ ನೋಡುತ್ತಿದ್ದ. ಅವಳು ಕೈಯೆತ್ತಿದಳು, ಅವನೂ ಎತ್ತಿದ. ಅಷ್ಟು ದೂರದಿಂದಲೂ ಆ ನೋಟ ಹತ್ತಿರದ್ದೇ ಅನ್ನಿಸಿ ಅವಳಿಗೆ ಎದೆ ತುಂಬಿ ಬಂತು. ಇವನು ಇಳಿದ ಮೇಲೆ ಕೇಳಿಬಿಡಬೇಕು, ಪಾರ್ಕಿನ ಹೊರಗೆ ಎಲ್ಲಾದರೂ ಕೂತು ಒಂದು ಲೋಟ ಕಾಫಿ ಕುಡಿಯೋಣವಾ ಎಂದು ತಾನೇ ಕೇಳಿಬಿಡಬೇಕು ಎಂದುಕೊಂಡಳು.

ಅಷ್ಟರಲ್ಲಿ ಕೆಳಗೆ ಜನ ಹತ್ತಿಸಲೆಂದು ಚಕ್ರ ನಿಂತಿತು. ಅವನ ತೊಟ್ಟಿಲು ಎಲ್ಲಕ್ಕಿಂತ ಮೇಲೆ ನಿಂತು ಕಿರ್ ಎಂದು ಒಂದು ಸದ್ದು ಮಾಡಿತು.

ಎತ್ತರಕ್ಕೆ ಹೆದರುವವರು ಅಂಥ ಹೊತ್ತಿನಲ್ಲಿ ಕಂಬಿ ಹಿಡಿದು ಕಣ್ಣು ಮುಚ್ಚುತ್ತಾರೆ. ಅವನು ಅವಳಿಂದ ಕಣ್ಣು ತೆಗೆದು, ತಲೆ ಓರೆ ಮಾಡಿ ಸದ್ದು ಆಲಿಸಿದ. ಆಮೇಲೆ ಕಂಬಿಯ ಆಚೆಗೆ ಅರ್ಧ ಮೈ ಚಾಚಿ, ತೊಟ್ಟಿಲು ತೂಗುಬಿದ್ದಿದ್ದ ಜಾಗವನ್ನು ಒಂದು ಕೈಯಿಂದ ಮುಟ್ಟಿ ನೋಡಿದ. ಸುತ್ತಲಿನವರು ಕೂಗಿಕೊಂಡರು. ಅವನು ಆರಾಮವಾಗಿ ವಾಪಸ್ಸು ಕೂತು ಬೆರಳು ಮೂಸಿ ನೋಡಿಕೊಂಡ.

ಇಳಿದು ಬಂದವನು ಮೊದಲು ಮಾತಾಡಿದ್ದು ಚಕ್ರ ನಡೆಸುವವನ ಹತ್ತಿರ. "ಅಣ್ಣಾ, ಮೇಲೆ ಬೇರಿಂಗಿನಲ್ಲಿ ಗ್ರೀಸ್ ಒಣಗಿದೆ. ಭಯ ಪಡೋಂಥದ್ದೇನಲ್ಲ, ಇವತ್ತು ಸಂಜೆ ಹಾಕಿಸ್ಬಿಡಿ."

ಹೇಳಿ ಮುಗಿಸಿದ ಮೇಲೆ ಅವನಿಗೆ ಅವಳ ನೆನಪಾಯಿತು. ತಿರುಗಿದ.

"ನೀವು ಏನು ಕೆಲಸ ಮಾಡೋದು?" ಎಂದು ಕೇಳಿದಳು.

ಅವನು ಕೈ ಪ್ಯಾಂಟಿಗೆ ಒರೆಸಿಕೊಂಡ. "ಲಿಫ್ಟ್ ರಿಪೇರಿ."

"ಎಷ್ಟನೇ ಮಹಡಿ ತನಕ?"

"ಕಟ್ಟಿದಷ್ಟೂ," ಎಂದ, ನೆಲ ನೋಡುತ್ತ.

ಬೇರೆ ದಿನವಾಗಿದ್ದರೆ ಅವಳು ನಕ್ಕುಬಿಡುತ್ತಿದ್ದಳೋ ಏನೋ. ಅವತ್ತು ಬೆಳಿಗ್ಗೆಯೇ ಬಿಸಿಲು ಸುಡುತ್ತಿತ್ತು, ಕೇಳಬೇಕೆಂದಿದ್ದ ಮಾತು ಇನ್ನೂ ನಾಲಗೆಯ ತುದಿಯಲ್ಲೇ ಇತ್ತು.

"ಎಷ್ಟು ವಾರ ಆಡ್ಸಿದ್ರಿ ನನ್ನ? ಪುಟಾಣಿ ರೈಲಿಗೆ ಕಳಿಸ್ತಾಳೆ ನೋಡು ಪೆದ್ದಿ, ಅಂತ ನಗ್ತಿದ್ರಾ?"

"ಇಲ್ಲ. ದೇವರಾಣೆ ಇಲ್ಲ. ನಾನು..."

"ನನ್ನ ಕೌಂಟರಿಗೆ ನಿಜವಾಗ್ಲೂ ಹೆದರಿದೋರು ಬರ್ತಾರೆ. ಅವರ ಜಾಗದಲ್ಲಿ ನೀವು ನಿಲ್ಬೇಡಿ. ಇನ್ಮೇಲೆ ಬರ್ಬೇಡಿ."

ಅವನು ಅವಳ ಮುಖ ನೋಡಿದ. ಲಾಕರಿನಿಂದ ಬ್ಯಾಗು ತೆಗೆದುಕೊಂಡು ಹೊರಟುಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬರಬೇಡಿ ಎಂದದ್ದಕ್ಕೆ ಅವನು ಬರಲಿಲ್ಲ. ಮೊದಲ ಭಾನುವಾರ ಅವಳಿಗೆ ಕೋಪ ಇನ್ನೂ ಬಿಸಿಯಾಗಿತ್ತು, ಹೊತ್ತು ಹೋಯಿತು. ಎರಡನೆಯ ಭಾನುವಾರ ಗೇಟಿನಲ್ಲಿ ಕರಿ ಬ್ಯಾಗು ಕಂಡಾಗಲೆಲ್ಲ ಎದೆ ಧಸಕ್ಕೆಂದಿತು. ಪೇಟೆಯಲ್ಲಿ ಕರಿ ಬ್ಯಾಗಿಗೇನು ಬರ. ಅದರ ಮುಂದಿನ ಭಾನುವಾರ ಒಬ್ಬ ಅಜ್ಜಿಗೆ ನೀರಿನ ದೋಣಿ ಹೇಳಬೇಕಾದಲ್ಲಿ ರೋಲರ್ ಕೋಸ್ಟರ್ ಎಂದುಬಿಟ್ಟಳು. ಅಜ್ಜಿ ಖುಷಿಯಿಂದ ಹೊರಟೇಬಿಟ್ಟಿದ್ದಳು, ಓಡಿಹೋಗಿ ಕರೆದುಕೊಂಡು ಬರಬೇಕಾಯಿತು.

ಅವನು ಯಾಕೆ ಬರುವುದಿಲ್ಲ ಎಂದು ಅವಳಿಗೆ ಅವನ ಮೇಲೆಯೇ ಸಿಟ್ಟು ಬರುತ್ತಿತ್ತು. ತಾನೇ ಬೇಡ ಎಂದದ್ದು ನೆನಪಾಗಿ ಆ ಸಿಟ್ಟು ತನ್ನ ಕಡೆಗೆ ತಿರುಗುತ್ತಿತ್ತು. ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತಾಗ, ದಾರಿಯ ಎತ್ತರದ ಕಟ್ಟಡಗಳನ್ನೆಲ್ಲ ಕೊನೆಯ ಮಹಡಿಯ ತನಕ ನೋಡುತ್ತಿದ್ದಳು. ಯಾವುದೋ ಗೋಡೆಯ ಹಿಂದೆ, ಯಾವುದೋ ಲಿಫ್ಟಿನ ಕತ್ತಲ ಕೊಳವೆಯಲ್ಲಿ ಅವನು ಟಾರ್ಚು ಹಿಡಿದು ನಿಂತಿರಬಹುದು. ಊಟ ಮಾಡಿದನೋ ಇಲ್ಲವೋ. ಅವನ ಹೆಸರು ಗೊತ್ತಿಲ್ಲದಿದ್ದರೂ ಅವನ ಊಟದ ಚಿಂತೆ ತನಗೆ ಯಾಕೆ ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿತ್ತು, ಅದಕ್ಕೇ ಬೇಗ ಕಣ್ಣು ಮುಚ್ಚಿಕೊಂಡಳು.

"ಅವನು ಲಿಫ್ಟಿನವನು ಅಂತ ನನಗೆ ಎರಡನೇ ವಾರಾನೇ ಗೊತ್ತಿತ್ತು," ಎಂದಳು ಲಾಕರ್ ಆಂಟಿ ಒಂದು ಮಧ್ಯಾಹ್ನ, ತನ್ನ ಊಟದ ಡಬ್ಬಿ ಮುಚ್ಚುತ್ತ.

ಅವಳ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಏನು?"

"ಆ ಬ್ಯಾಗ್ ಎತ್ತಿಟ್ಟು ನನ್ನ ಸೊಂಟ ಹಿಡ್ಕೊಂತು. ಏನಪ್ಪ ಇದರಲ್ಲಿ, ಕಲ್ಲು ತುಂಬಿದೀಯಾ ಅಂದೆ. ಸ್ಪ್ಯಾನರು ಆಂಟಿ, ಇಲ್ಲಿಂದ ಸೀದಾ ಡ್ಯೂಟಿಗೆ ಹೋಗ್ತೀನಿ ಅಂದ."

"ನನಗೆ ಯಾಕೆ ಹೇಳ್ಲಿಲ್ಲ?"

"ನೀನು ನಗ್ತಾ ಇದ್ದೆ ಕಣೇ. ಇಷ್ಟು ವರ್ಷದಲ್ಲಿ ನೀನು ಹಾಗೆ ನಕ್ಕಿದ್ದು ನೋಡಿರ್ಲಿಲ್ಲ. ನಾನ್ಯಾಕೆ ಬಾಯಿ ಬಿಡ್ಲಿ?"

"ಸುಳ್ಳು ಹೇಳ್ದ ಆಂಟಿ ಅವನು."

ಆಂಟಿ ಡಬ್ಬಿಯನ್ನು ಬದಿಗಿಟ್ಟಳು. "ನಿನ್ನ ಮೇಜಿನ ಮುಂದೆ ಬರೋ ಹುಡುಗೀರಲ್ಲಿ ಅರ್ಧ ಜನಕ್ಕೆ ಹೆದರಿಕೆ ಗಿದರಿಕೆ ಏನೂ ಇರಲ್ಲ. ಪಕ್ಕದೋನ ಕೈ ಹಿಡ್ಕೊಳ್ಳೋಕೆ ಒಂದು ನೆಪ ಬೇಕು, ಅಷ್ಟೇ. ನಿನಗದು ಗೊತ್ತಾಗಲ್ವಾ? ಚೆನ್ನಾಗಿ ಗೊತ್ತಾಗುತ್ತೆ. ಗೊತ್ತಾಗಿ, ಇಬ್ಬರೇ ಕೂರೋ ಸೀಟು ಹುಡುಕಿ ಕೊಡ್ತೀಯ. ಅವರಿಗೊಂದು ನ್ಯಾಯ, ಈ ಪಾಪದೋನಿಗೊಂದು ನ್ಯಾಯನಾ?"

ಅವಳು ಕೈಯ ತುತ್ತನ್ನು ವಾಪಸ್ಸು ಡಬ್ಬಿಗೇ ಹಾಕಿದಳು.

"ನೀನು ಬೈದಿದ್ದು ಇವನನ್ನಲ್ಲ," ಎಂದಳು ಆಂಟಿ. "ಹಳೇ ಬಾಕಿ ಯಾರದ್ದೋ, ತೀರಿಸ್ಕೊಂಡಿದ್ದು ಇವನ ಹತ್ರ. ಬಸ್ ಸ್ಟ್ಯಾಂಡ್ ಹಿಂದೆ ಕಣ್ಣಿನ ಆಸ್ಪತ್ರೆ ಇರೋ ದೊಡ್ಡ ಬಿಲ್ಡಿಂಗ್ ಗೊತ್ತಲ್ಲ? ಕೊನೇ ಸಲ ಬ್ಯಾಗ್ ತಗೊಂಡು ಹೋಗುವಾಗ, ಈ ತಿಂಗಳೆಲ್ಲ ಅಲ್ಲೇ ಕೆಲಸ ಅಂತ ಹೇಳಿದ್ದ. ತಿಂಗಳು ಮುಗೀತಾ ಬಂತು. ಆಮೇಲೆ ಎಲ್ಲಿಗೆ ಕಳಿಸ್ತಾರೋ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ."

ಮಂಗಳವಾರ ಅವಳಿಗೆ ರಜೆ. ಕಾಲರಿಲ್ಲದ, ತನಗೆ ಒಪ್ಪುವ ನೀಲಿ ಉಡುಪು ಹಾಕಿಕೊಂಡಳು. ಅಮ್ಮ ಎಲ್ಲಿಗೆ ಎಂದು ಕೇಳಲಿಲ್ಲ, ಬಾಗಿಲ ತನಕ ಬಂದು ಚಪ್ಪಲಿ ಮಾತ್ರ ಮುಂದಕ್ಕೆ ಸರಿಸಿದರು.

ಆ ಕಟ್ಟಡದ ಕೆಳಮಹಡಿಯಲ್ಲಿ ಔಷಧಿಯ ವಾಸನೆ, ಫೈಲು ಹಿಡಿದ ಜನ. ಎರಡು ಲಿಫ್ಟುಗಳಲ್ಲಿ ಒಂದರ ಮುಂದೆ 'ಕೆಲಸ ನಡೆಯುತ್ತಿದೆ' ಎಂಬ ಫಲಕ ಇತ್ತು. ಅದರ ಹಿಂದೆ ಅವನು ಕುಕ್ಕರುಗಾಲಲ್ಲಿ ಕೂತು ಬಟನ್ನುಗಳ ತಗಡಿಗೆ ಸ್ಕ್ರೂ ತಿರುಗಿಸುತ್ತಿದ್ದ. ಅವಳ ಕಾಲು ಅಲ್ಲೇ ನಿಂತಿತು. ಹಿಂತಿರುಗಿ ಹೋಗಿಬಿಡಲೇ ಎನ್ನಿಸಿತು. ಅಷ್ಟರಲ್ಲಿ ಅವನು ತಲೆಯೆತ್ತಿದ.

ಸ್ಕ್ರೂ ಡ್ರೈವರು ಕೈಯಿಂದ ಜಾರಿತು. ಎದ್ದು ನಿಂತವನಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೈಗೆಲ್ಲ ಕರಿ ಮೆತ್ತಿತ್ತು.

"ಕಣ್ಣಿನ ಡಾಕ್ಟ್ರನ್ನ ನೋಡೋಕೆ ಬಂದ್ರಾ? ಆ ಕಡೆ ಲಿಫ್ಟಿದೆ."

"ಈ ಲಿಫ್ಟ್ ಹತ್ತಬಹುದಾ?"

"ಇದು ಟೆಸ್ಟಿಂಗು. ಖಾಲಿ ಓಡ್ಸಿ ನೋಡಿದ್ದಾಯ್ತು, ಸರಿಯಾಗಿದೆ. ಈಗ ಆಳು ನಿಂತು ಮೇಲೆ ತನಕ ಹೋಗಿ ನೋಡ್ಬೇಕು." ಅವನು ಬಿದ್ದ ಸ್ಕ್ರೂ ಡ್ರೈವರನ್ನು ಎತ್ತಿ ಜೇಬಿಗಿಟ್ಟ. "ತುಂಬ ನಿಧಾನ. ಪ್ರತಿ ಮಹಡೀಲೂ ನಿಲ್ಲುತ್ತೆ, ಬಾಗಿಲು ತೆಗೆಯುತ್ತೆ. ಸಾಕು ಅನ್ಸಿದ್ರೆ ನೀವು ಎಲ್ಲಿ ಬೇಕಾದ್ರೂ ಇಳೀಬಹುದು."

ಅವಳು ಫಲಕವನ್ನು ಬಳಸಿಕೊಂಡು ಒಳಗೆ ಹೋಗಿ ನಿಂತಳು.

ಮೊದಲನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ಯಜಮಾನರು ಒಳಗೆ ಕಾಲಿಡಲು ಬಂದರು. "ಟೆಸ್ಟಿಂಗ್ ಸಾರ್," ಎಂದ ಅವನು. ಯಜಮಾನರು ಇದ್ದೊಂದು ಕಣ್ಣಲ್ಲಿ ಇಬ್ಬರನ್ನೂ ನೋಡಿ, "ಆಗ್ಲಿ, ಆಗ್ಲಿ" ಎಂದು ಹಿಂದೆ ಸರಿದರು.

ಬಾಗಿಲು ಮುಚ್ಚಿತು.

"ನಾನು ಪಾರ್ಕಿಗೆ ಮೊದಲು ಬಂದಿದ್ದು ಒಬ್ಬನೇ ಅಲ್ಲ," ಎಂದ ಅವನು, ಗೋಡೆ ನೋಡುತ್ತ. "ಅಮ್ಮನ ಜೊತೆ ಬಂದಿದ್ದೆ. ಏನೂ ಆಗಲ್ಲ ಬಾಮ್ಮ ಅಂತ ಕೈ ಹಿಡಿದು ಎಳೀತಿದ್ದೆ. ನೀವು ಎದ್ದು ಬಂದು ನನಗೆ ಬೈದ್ರಿ."

"ನನಗೆ ನೆನಪಿಲ್ಲ."

"ನನಗಿದೆ. ಆಮೇಲೆ ಅಮ್ಮನ್ನ ಕೂರಿಸ್ಕೊಂಡು, ಏನೇನಾಗುತ್ತೆ ಅಂತ ಒಂದೊಂದೇ ಹೇಳಿದ್ರಿ. ಹಡಗಿನ ನಡುವಿನ ಸಾಲಿಗೆ ಕಳಿಸಿದ್ರಿ. ಅಪ್ಪ ಹೋದ್ಮೇಲೆ ಅಮ್ಮ ಅಷ್ಟು ನಕ್ಕಿದ್ದು ನಾನು ನೋಡಿರ್ಲಿಲ್ಲ." ಬಾಗಿಲು ತೆರೆಯಿತು. ಯಾರೂ ಇರಲಿಲ್ಲ. ಮುಚ್ಚಿತು. "ತಿಂಗಳುಗಟ್ಟಲೆ ಆದ್ಮೇಲೂ ನಿಮ್ಮನ್ನ ನೋಡ್ಬೇಕು ಅನ್ನಿಸ್ತು. ನಿಮ್ಮ ಮುಂದೆ ಬಂದು ನಿಲ್ಬೇಕು ಅಂದ್ರೆ ಭಯ ಇರ್ಬೇಕಲ್ಲ. ಇನ್ನೇನು ಮಾಡ್ಲಿ."

ಅವಳಿಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. ಮುಂದಿನ ಮಹಡಿಯಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಕೋಲು ಹಿಡಿದು ಅವರನ್ನು ನೋಡುತ್ತ ನಿಂತಳು. ಬಾಗಿಲು ಮತ್ತೆ ಮುಚ್ಚಿತು.

"ಸುಳ್ಳು ಹೇಳಿದ್ದು ತಪ್ಪು," ಎಂದ ಅವನು. "ಪ್ರತಿ ಭಾನುವಾರ ಇವತ್ತು ಹೇಳ್ಬಿಡ್ತೀನಿ ಅಂತ ಬರ್ತಿದ್ದೆ. ಹೇಳಿದ್ರೆ ಮುಂದಿನ ಭಾನುವಾರ ಇರಲ್ವಲ್ಲ."

"ನನಗೊಬ್ಬರು ಹಿಂದೆ ಸುಳ್ಳು ಹೇಳಿದ್ರು," ಎಂದಳು ಅವಳು. ಅಮ್ಮನ ಮುಂದೆಯೂ ಆಡದ ಮಾತನ್ನು ಆಡತೊಡಗಿದಳು. ಒಂದು ಮಹಡಿಯಲ್ಲಿ ಅರ್ಧ ಹೇಳಿದಳು, ಇನ್ನೊಂದರಲ್ಲಿ ಉಳಿದದ್ದು. ಬಾಗಿಲು ತೆರೆದಾಗ ನಿಲ್ಲಿಸುತ್ತಿದ್ದಳು, ಮುಚ್ಚಿದಾಗ ಮುಂದುವರಿಸುತ್ತಿದ್ದಳು. ಅವನು ನಡುವೆ ಬಾಯಿ ಹಾಕಲಿಲ್ಲ. "ಅದಕ್ಕೇ ನಿಮಗೆ ಹಾಗಂದೆ. ಆಮೇಲೆ ಭಾನುವಾರ ಮುಗಿಯೋದೇ ಇಲ್ಲ. ಗೇಟು ನೋಡಿ ನೋಡಿ ಕತ್ತು ನೋಯುತ್ತೆ. ನೀವು ಬೇಕು ಅನ್ಸುತ್ತೆ ನನಗೆ."

ಹೇಳಿದ ಮೇಲೆ ಅವಳಿಗೆ ತಲೆಯೆತ್ತಲಾಗಲಿಲ್ಲ. ಅವನ ಉಸಿರು ನಿಂತದ್ದು ಮಾತ್ರ ಗೊತ್ತಾಯಿತು. ಲಿಫ್ಟೂ ನಿಂತಿತು. ಬಾಗಿಲು ತೆರೆಯಿತು. ಅದು ಕೊನೆಯ ಮಹಡಿ. ಖಾಲಿ ಮೊಗಸಾಲೆ, ಗೋಡೆಗೆ ಒರಗಿಸಿದ ಹಳೆಯ ಕುರ್ಚಿಗಳು, ತುದಿಯ ಕಿಟಕಿಯಿಂದ ಬಿದ್ದ ಬಿಸಿಲು.

"ಇಳೀತೀರಾ?" ಎಂದು ಕೇಳಿದ. "ನಿಜ ಹೇಳ್ತೀನಿ, ನನಗೀಗ ಕಾಲು ನಡುಗ್ತಿದೆ."

ಅವಳು ನೋಡಿದಳು. ನಿಜವಾಗಿಯೂ ನಡುಗುತ್ತಿತ್ತು.

"ಕೆಳಗೆ ಹೋಗುವಾಗಲೂ ಎಲ್ಲಾ ಮಹಡೀಲಿ ನಿಲ್ಲಿಸ್ಬೇಕಾ?" ಎಂದು ಕೇಳಿದಳು.

"ಬೇಕಿಲ್ಲ. ಟೆಸ್ಟಿಂಗ್ ಮುಗೀತು. ಸೀದಾ ಹೋಗ್ಬಹುದು."

"ನಿಲ್ಲಿಸಿ," ಎಂದಳು. ಅವನ ಕರಿ ಮೆತ್ತಿದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಒಂದೊಂದು ಮಹಡೀಲೂ ಬಾಗಿಲು ತೆಗೀಲಿ. ನಾನು ಎಲ್ಲೂ ಇಳಿಯಲ್ಲ. ಇಳಿಯದೇ ಇರೋದನ್ನ ನೀವು ನೋಡ್ಬೇಕು."

ಅವನು ಇನ್ನೊಂದು ಕೈಯಿಂದ ಮೇಲಿನಿಂದ ಕೆಳಗಿನ ತನಕ ಎಲ್ಲಾ ಬಟನ್ನುಗಳನ್ನೂ ಒಂದೊಂದಾಗಿ ಒತ್ತಿದ.